‘ಎಲ್ಲಾರದೂ ಆದ ಮ್ಯಾಲ’ ಅಂದ್ರೆ ಎಷ್ಟು ಗಂಟೆ?

ಶುಗರ್ ಇರುವವರ ಗುಂಪೊಂದನ್ನು ನಡೆಸುತ್ತೇನೆ. ನಾಗರ ಪಂಚಮಿ ಮುಗಿದ ವಾರ ನನ್ನ ಬಳಿ ಬರುವ ದೂರುಗಳಲ್ಲಿ ಇದೊಂದು ತಪ್ಪುವುದಿಲ್ಲ. "ಮೇಡಂ, ಅವ್ವ ಕದ್ದು ಉಂಡಿ ತಿಂತಾಳ್ರಿ." ಅವ್ವನ ಜಾಗದಲ್ಲಿ ಅಪ್ಪ, ಅತ್ತೆ, ಹೆಂಡತಿ ಯಾರಾದರೂ ಇರಬಹುದು. ದೀಪಾವಳಿ ಬಂದರೆ ಉಂಡಿ ಹೋಗಿ ಕರ್ಚಿಕಾಯಿ ಆಗುತ್ತದೆ. ದೂರು ಮಾತ್ರ ಅದೇ. ಶುಗರ್ ಇದೆ, ಡಾಕ್ಟರ್ ಹೇಳಿದರು, ಮನೆಯವರು ಹೇಳಿದರು, ಆದ್ರೂ ಬಾಯಿ ಕಟ್ಟಲ್ಲ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳ್ರಿ.

ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ ಅಂತ ಬಾಗಿಲಲ್ಲೇ ಹೇಳಿಬಿಡುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಅದಕ್ಕೇ ಒಂದು ಪ್ರಕರಣವನ್ನು ಬರೆದೇ ಇಡೋಣ ಅನ್ನಿಸಿತು. ಗುರುತು ಸಿಗದ ಹಾಗೆ ಹೆಸರು, ಮನೆಯ ವಿವರ ಬದಲಿಸಿದ್ದೇನೆ.

ನೀಲವ್ವ ಅಂತ ಇಟ್ಟುಕೊಳ್ಳೋಣ. ಐವತ್ತರ ಆಸುಪಾಸು. ಹಳೇ ಹುಬ್ಬಳ್ಳಿ ಕಡೆಯ ತುಂಬಿದ ಮನೆ. ಗಂಡನದು ಅಂಗಡಿ. ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ವಯಸ್ಸಾದ ಅತ್ತೆ. ಶುಗರ್ ಗೊತ್ತಾಗಿ ಕೆಲವು ವರ್ಷ ಆಗಿತ್ತು. ಕರೆದುಕೊಂಡು ಬಂದವನು ಹಿರಿಯ ಮಗ. ಒಳ್ಳೆಯ ಹುಡುಗ, ತಾಯಿ ಮೇಲೆ ಜೀವ. ಜೀವ ಇದ್ದದ್ದಕ್ಕೇ ಶೇಂಗಾ ಉಂಡಿ ಎಣಿಸಿ ಡಬ್ಬಿಗೆ ಹಾಕಿದ್ದ. ಇಪ್ಪತ್ನಾಲ್ಕು ಇದ್ದವು, ಮೂರು ದಿನಕ್ಕೆ ಹದಿನೈದಾಗಿದ್ದವು, ಬೇರೆ ಯಾರೂ ಮುಟ್ಟಿಲ್ಲ. ಊಟದ ನಂತರದ ಶುಗರ್ 280 ದಾಟಿತ್ತು. ಲೆಕ್ಕ ಪಕ್ಕಾ. ನೀಲವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ತಿಂದದ್ದು ಖರೇರಿ" ಅಂದರು. ಮುಂದೆ ಮಾತಿಲ್ಲ.

ಮಗನ ಎದುರು ಇನ್ನೇನು ಹೇಳಿಯಾರು? ನಾನೂ ಕೆದಕಲಿಲ್ಲ. ನಮ್ಮ ಭಾನುವಾರದ ಗುಂಪಿಗೆ ಬನ್ನಿ ಅಂದೆ.

ಈ ಗುಂಪಿನ ಬಗ್ಗೆ ಒಂದೆರಡು ಮಾತು. ಶುಗರ್ ಇರುವ ಹತ್ತು-ಹನ್ನೆರಡು ಜನ ಸೇರುತ್ತಾರೆ. ಪಲ್ಲೆ, ಕಾಳು, ವಾಕಿಂಗು, ಕಾಲು ಉರಿ, ಎಲ್ಲಾ ಮಾತು ಬರುತ್ತದೆ. ನಾನು ಇಟ್ಟಿರುವ ನಿಯಮ ಎರಡೇ. ಯಾರ ಶುಗರ್ ನಂಬರನ್ನೂ ಮೊದಲು ಕೇಳುವಂತಿಲ್ಲ. ನಂಬರ್ ಮೊದಲು ಬಂದರೆ ಕಡಿಮೆ ಇದ್ದವರು ಉಪದೇಶ ಶುರು ಮಾಡುತ್ತಾರೆ, ಜಾಸ್ತಿ ಇದ್ದವರು ಮುಂದಿನ ಸಲ ಬರುವುದಿಲ್ಲ. ಎರಡನೆಯದು, ಗುಳಿಗೆ ವಿಚಾರದಲ್ಲಿ ಒಬ್ಬರಿಗೊಬ್ಬರು ಸಲಹೆ ಕೊಡುವಂತಿಲ್ಲ. ಹಾಗಲಕಾಯಿ ರಸ, ಮೆಂತೆ ನೀರು ಅಂತ ಚರ್ಚೆ ನಡೆಯುತ್ತದೆ, ನಡೆಯಲಿ. ಗುಳಿಗೆ ಬಿಟ್ಟು ಇದನ್ನೇ ಕುಡೀರಿ ಅಂತ ಯಾರಾದರೂ ಶುರು ಮಾಡಿದರೆ ಮಾತ್ರ ನಾನು ನಡುವೆ ಬಾಯಿ ಹಾಕುತ್ತೇನೆ.

ನೀಲವ್ವ ಬಂದ ದಿನ ರೊಟ್ಟಿ ವಾದ ಜೋರಾಗಿತ್ತು. ಜೋಳದಾಗ ಶುಗರ್ ಇರಂಗಿಲ್ಲ, ಎಷ್ಟು ತಿಂದ್ರೂ ನಡೀತೈತಿ ಅಂತ ಒಬ್ಬರು. ನಮ್ಮ ಕಡೆ ಈ ನಂಬಿಕೆ ಭಾರಿ ಗಟ್ಟಿ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಗೋಧಿ ಹಿಟ್ಟಿಗೂ ಇದಕ್ಕೂ ಅಂಥ ಫರಕಿಲ್ಲ. ಕಾಳು, ಸೊಪ್ಪು ಜಾಸ್ತಿ ಹಾಕಿಕೊಂಡು ಎರಡು ರೊಟ್ಟಿಗೆ ನಿಲ್ಲಿಸಿದರೆ ಚಲೋ ಊಟ. ಐದು ರೊಟ್ಟಿ ಹೊಡೆದರೆ ಜೋಳವಾದರೇನು, ಗೋಧಿಯಾದರೇನು? ಇದನ್ನು ಹೇಳಿ ಮುಗಿಸುವ ಹೊತ್ತಿಗೆ, ಮೂಲೆಯಲ್ಲಿ ಕೂತಿದ್ದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ನೀಲವ್ವನ ಕಡೆ ತಿರುಗಿದರು.

"ಅಕ್ಕಾರ, ನೀವು ಮಧ್ಯಾಹ್ನ ಎಷ್ಟಕ್ಕ ಉಣ್ತೀರಿ?"

"ಎಲ್ಲಾರದೂ ಆದ ಮ್ಯಾಲ."

"ಅದು ಟೈಮ್ ಅಲ್ರೀ ಅಕ್ಕಾರ. ಗಡಿಯಾರದಾಗ ಎಷ್ಟು ಆಗಿರತೈತಿ?"

ನೀಲವ್ವ ಬೆರಳು ಮಡಿಚಿ ಲೆಕ್ಕ ಹಾಕಿದರು. ಅತ್ತೆ ಉಣ್ಣೋದು ಹನ್ನೆರಡಕ್ಕೆ. ಸಣ್ಣ ಮಗ ಒಂದಕ್ಕೆ. ಗಂಡ ಅಂಗಡಿ ಬಾಗಿಲು ಎಳೆದು ಬರುವಾಗ ಎರಡೂವರೆ. ಯಾರು ಬಂದರೂ ಬಿಸಿ ರೊಟ್ಟಿ ಆಗಬೇಕು. ಸೊಸೆ ಬಡಿಸುತ್ತಾಳೆ, ರೊಟ್ಟಿ ಬಡಿಯೋದು ಇವರೇ. "ಮೂರ್ ಆಗತೈತಿ. ಮೂರೂವರಿ."

"ಗುಳಿಗಿ?"

"ಮುಂಜಾನೆ ಏಳಕ್ಕ. ಚಾ ಜೋಡಿ."

"ನಾಷ್ಟಾ?"

"ಒಮ್ಮೊಮ್ಮೆ. ಶ್ರಾವಣ ಸೋಮವಾರ ಇಲ್ಲ."

"ಕೈ ನಡಗತಾವೇನ್ರಿ?"

ನೀಲವ್ವ ತಲೆ ಎತ್ತಿದರು. "ನಡಗತಾವ್ರಿ. ಬೆವರು ಕಿತ್ತು ಬರತೈತಿ. ಹಿಟ್ಟಿನ ಮ್ಯಾಲ ಕೈ ನಿಲ್ಲಂಗಿಲ್ಲ, ರೊಟ್ಟಿ ಹರೀತೈತಿ. ಡಬ್ಬಿ ಕೈಗೆ ಸಿಗತೈತಿ, ಒಂದ್ ಉಂಡಿ ತಿಂತೀನಿ. ನಡುಕ ನಿಲ್ಲಂಗಿಲ್ಲ. ಇನ್ನೊಂದು ತಿಂತೀನಿ."

"ಅಂದ್ರ ತಿಂದ ಮ್ಯಾಲ ಅಲ್ಲ, ತಿನ್ನೂಕಿಂತ ಮೊದಲ ನಡಗತಾವ."

"ಹೌದ್ರಿ, ಮೊದಲ."

ಕಂಡಕ್ಟರ್ ನನ್ನ ಕಡೆ ನೋಡಿದರು. ಅವರಿಗೆ ಇದು ಮೈಯಲ್ಲೇ ಗೊತ್ತಿತ್ತು. ಗದಗ ರೂಟಿನಲ್ಲಿ ಡ್ಯೂಟಿ ಮಾಡುವಾಗ ಅಣ್ಣಿಗೇರಿ ಬರುವಷ್ಟರಲ್ಲಿ ಕೈ ನಡುಗಿ ಚಿಲ್ಲರೆ ಎಣಿಸಲು ಆಗುತ್ತಿರಲಿಲ್ಲವಂತೆ. ಪ್ಯಾಸೆಂಜರುಗಳು ಕುಡಿದು ಬಂದಾನೆ ಅಂದರಂತೆ. ಆಮೇಲೆ ಟಿಕೆಟ್ ಚೀಲದಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಂಡೇ ಸರ್ವಿಸ್ ಮುಗಿಸಿದರು.

ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಯಾರೋ ಕೇಳಿದರು. "ಹೇಳಾಕ ಏನೈತ್ರಿ? ಹಸದು ಕೈ ನಡಗತಾವ ಅಂದ್ರ, ಇಕೀಗಿ ಉಣ್ಣಾಕ ಅವಸರ ಅಂತಾರ." ನೀಲವ್ವ ನಕ್ಕೇ ಹೇಳಿದರು. ಗುಂಪಿನ ಹೆಂಗಸರು ಯಾರೂ ನಗಲಿಲ್ಲ.

ಮೈಯೊಳಗೆ ಆಗುತ್ತಿದ್ದದ್ದು ಇಷ್ಟು. ನೀಲವ್ವ ನುಂಗುತ್ತಿದ್ದ ಎರಡು ಗುಳಿಗೆಗಳಲ್ಲಿ ಒಂದು ಮೆಟ್‌ಫಾರ್ಮಿನ್. ಅದೊಂದೇ ಆದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಇನ್ನೊಂದು ಗ್ಲಿಮೆಪಿರೈಡ್. ಇದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಉಂಡಿದ್ದೀರೋ ಇಲ್ಲವೋ ಅಂತ ಅದು ಕಾಯುವುದಿಲ್ಲ. ಅದಕ್ಕೇ ಅದನ್ನು ತಿಂಡಿಯ ಜೊತೆಗೇ ತಗೊಳ್ಳಿ ಅನ್ನೋದು. ಏಳಕ್ಕೆ ಗುಳಿಗೆ, ಮೂರಕ್ಕೆ ಊಟ ಅಂದರೆ ನಡುವೆ ಶುಗರ್ ಇಳಿಯುತ್ತದೆ. 70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. ನಡುಕ, ಬೆವರು, ಎದೆ ಬಡಿತ, ಸಿಟ್ಟು, ತಡೆಯಲಾಗದ ಹಸಿವು ಎಲ್ಲಾ ಬರುತ್ತವೆ. ಆಗ ಕೈ ಡಬ್ಬಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಅವರ ಕೈಗೆ ಸಿಕ್ಕಿದ್ದು ಶೇಂಗಾ ಉಂಡಿ. ಶೇಂಗಾದ ಎಣ್ಣೆಯಂಶ ಇರುವುದರಿಂದ ಬೆಲ್ಲದ ಸಿಹಿ ರಕ್ತಕ್ಕೆ ಸೇರೋದು ತಡ. ನಡುಕ ನಿಲ್ಲಲ್ಲ ಅಂತ ಇನ್ನೊಂದು, ಮತ್ತೊಂದು. ಅದರ ಮೇಲೆ ಮೂರೂವರೆಗೆ ಊಟ. ಅದಾದ ಎರಡು ತಾಸಿಗೆ ಮಗ ಶುಗರ್ ನೋಡಿದರೆ 280 ಬರದೆ ಏನು ಬಂದೀತು? ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲೂ ಈ ಇಳಿತ ಕಾಣುವುದಿಲ್ಲ. ಸರಾಸರಿ ಅಂದಮೇಲೆ ಏರಿದ್ದು ಇಳಿದದ್ದು ಎಲ್ಲಾ ಅದರಲ್ಲೇ ಮುಚ್ಚಿಹೋಗುತ್ತದೆ.

ಲೋ ಆದಾಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಉಂಡಿ ಬೇಡ ಅಂತ ನೀಲವ್ವನಿಗೆ ಹೇಳಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟಿಲ್ಲ ಅಂದರೆ ಮತ್ತೊಮ್ಮೆ ಕುಡಿಯಿರಿ. ದಾಟಿದ ಮೇಲೆ ತಡ ಮಾಡದೆ ಊಟ. ಮನೆಯವರಿಗೆ ಹೇಳಿದ ಮಾತು ಬೇರೆ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಸೀದಾ ಆಸ್ಪತ್ರೆಗೆ ಹೋಗಿ.

ಗುಳಿಗೆ ಬಿಡಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಒಂದು ಹಾಳೆಯ ಮೇಲೆ ಮೂರೇ ಸಂಗತಿ ಬರೆಯಿರಿ ಅಂದೆ. ಗುಳಿಗೆ ತಗೊಂಡ ಹೊತ್ತು, ಉಂಡ ಹೊತ್ತು, ನಡುಕ ಬಂದ ಹೊತ್ತು. ನಡುಕ ಬಂದಾಗ ಮಶಿನ್‌ನಲ್ಲಿ ಚೆಕ್ ಮಾಡಿ. ಮನೆಯಲ್ಲಿ ಮಶಿನ್ ಇತ್ತು. ಆದರೆ ಉಂಡ ಮೇಲೆ ಎಷ್ಟಾಯಿತು ಅಂತ ಹಿಡಿಯಲು ಮಾತ್ರ ಬಳಕೆ ಆಗುತ್ತಿತ್ತು. ಆ ವಾರ ಒಂದು ಮಧ್ಯಾಹ್ನ 58 ಬಂತು. ಹಾಳೆ ನೋಡಿದ ಡಾಕ್ಟರು ಆ ಗುಳಿಗೆಯ ಪ್ರಮಾಣ ಇಳಿಸಿದರು, ತಿಂಡಿ ತಟ್ಟೆ ಎದುರಿಗೆ ಇಟ್ಟುಕೊಂಡೇ ನುಂಗಬೇಕು ಅಂದರು. ಉಪವಾಸಕ್ಕೂ ಅಡ್ಡಿ ಹೇಳಿದರು. ಸೋಮವಾರದ ಸಾಬೂದಾಣಿಯೂ ಬರೀ ಪಿಷ್ಟ, ಅದರಿಂದ ಉಪಕಾರ ಇಲ್ಲ.

ಇಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ. ತಕರಾರು ಎದ್ದಿದ್ದು ಮನೆಯವರನ್ನು ಕೂಡಿಸಿ, ಇವರು ಮಧ್ಯಾಹ್ನ ಒಂದಕ್ಕೆ ಉಣ್ಣಲಿ ಅಂದಾಗ. ಗಂಡ ಸುಮ್ಮನಿದ್ದರು. ಅತ್ತೆ ಮಾತ್ರ, "ಗಂಡ ಉಣ್ಣೂಕಿಂತ ಮೊದಲ ಅಕಿ ಉಣ್ಣೋದೇನು?" ಅಂತ ನೇರವಾಗಿ ಕೇಳಿದರು. ಉಂಡಿ ಕದ್ದದ್ದಕ್ಕಿಂತ ದೊಡ್ಡ ಅಪರಾಧ ಇದು ಅನ್ನುವ ಹಾಗಿತ್ತು ಆ ಧಾಟಿ.

ಶುಗರ್ ಪೇಷಂಟ್‌ಗೆ ಡಯಟ್ ಹೇಳೋದು ಬಿಟ್ಟು ಮನೆಯ ಪದ್ಧತಿ ಮೇಲೆ ಯಾಕೆ ಕೈ ಇಡ್ತೀರಿ ಅಂತ ನನ್ನ ಪರಿಚಯದವರೇ ಕೇಳಿದ್ದುಂಟು. ಸಂಸಾರ ಒಡೀತೀರಿ ಅಂದವರೂ ಇದ್ದಾರೆ. ನನ್ನ ಉತ್ತರ ಸರಳ. ನಾನು ಸಮಾಜ ಸುಧಾರಿಸಲು ಹೊರಟಿಲ್ಲ. ಗುಳಿಗೆಗೆ ಒಂದು ಹೊತ್ತಿದೆ, ಊಟ ಆ ಹೊತ್ತಿಗೆ ಹೊಂದಬೇಕು. ಪದ್ಧತಿ ಅಡ್ಡ ಬಂದರೆ ಪದ್ಧತಿ ಬಗ್ಗೆ ಮಾತಾಡಲೇಬೇಕು. ಅದನ್ನು ಬಿಟ್ಟು ನಾಲಿಗೆ ಕಟ್ಟಿ ಅಂತ ಆ ಹೆಂಗಸಿಗೆ ಉಪದೇಶ ಕೊಟ್ಟಿದ್ದರೆ, ಅವರು ಖಂಡಿತ ಪಾಲಿಸುತ್ತಿದ್ದರು. ಪಾಲಿಸಿ ಒಂದು ಮಧ್ಯಾಹ್ನ ಒಲೆ ಮುಂದೆ ಬೀಳುತ್ತಿದ್ದರು. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಎಷ್ಟು ಜನ ಹೆಂಗಸರು ಕೊನೆಗೆ ಉಣ್ಣುವವರು ಅಂತ ಲೆಕ್ಕ ಇಡುವವರು ಯಾರು?

ಹಾಗಂತ ಎಲ್ಲರೂ ನೀಲವ್ವ ಅಲ್ಲ. ವಾಕಿಂಗ್ ಅಂತ ಹೊರಟು ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆ ಮುಗಿಸಿ ಬರುವ ಹಿರಿಯರನ್ನೂ ನಾನು ಬಲ್ಲೆ. ಅವರ ಜೊತೆ ಆಡುವ ಮಾತೇ ಬೇರೆ. ಆದರೆ ಯಾರು ಯಾವ ಥರ ಅಂತ ತಿಳಿಯಲು ಮೊದಲು ಹೊತ್ತು ಕೇಳಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ‘ಕದ್ದು’ ತಿನ್ನುತ್ತಿದ್ದರೆ, ಡಬ್ಬಿ ಬಚ್ಚಿಡುವ ಮೊದಲು ಎರಡು ಪ್ರಶ್ನೆ ಕೇಳಿ. ತಿನ್ನುವ ಮೊದಲು ಮೈಯಲ್ಲಿ ಏನಾಯಿತು? ಅದಕ್ಕೂ ಮೊದಲು ಉಂಡದ್ದು ಎಷ್ಟು ಗಂಟೆಗೆ?

ನೀಲವ್ವನ ಮನೆಯಲ್ಲಿ ಕೊನೆಗೆ ದಾರಿ ಸಿಕ್ಕಿದ್ದು ಖಡಕ್ ರೊಟ್ಟಿಯಿಂದ. ಸೂಚಿಸಿದವರು ಗುಂಪಿನ ಇನ್ನೊಬ್ಬ ಹೆಂಗಸು, ಮನೆಯಲ್ಲೇ ರೊಟ್ಟಿ ಮಾಡಿ ಮಾರುವವರು. ವಾರಕ್ಕಾಗುವಷ್ಟು ಒಮ್ಮೆಲೇ ಮಾಡಿಟ್ಟರೆ ಮಧ್ಯಾಹ್ನ ಹೆಂಚಿನ ಮುಂದೆ ಕೂರುವ ಕೆಲಸವೇ ಇಲ್ಲ, ಬಂದವರು ಬಂದ ಹಾಗೆ ಮುರಿದುಕೊಂಡು ಉಣ್ಣಬಹುದು. ಗಂಡ ಮೂರು ದಿನ ಮಾರಿ ಸಿಂಡರಿಸಿದರಂತೆ. ಈಗ ಗುರೆಳ್ಳು ಚಟ್ನಿ, ಮೊಸರು ಹಾಕಿಕೊಂಡು ಉಣ್ಣುತ್ತಾರೆ. ನೀಲವ್ವನ ಊಟ ಒಂದೂವರೆಯೊಳಗೆ ಮುಗಿಯುತ್ತದೆ. ಎಚ್‌ಬಿಎ1ಸಿ 9ರ ಮೇಲಿದ್ದದ್ದು 8ರ ಹತ್ತಿರ ಬಂದಿದೆ. ಇನ್ನೂ ಇಳಿಯಬೇಕು. ನಡುಕ ಬಂದಿಲ್ಲ.

ಭಾನುವಾರ ಮಾತ್ರ ಎಲ್ಲರಿಗೂ ಬಿಸಿ ರೊಟ್ಟಿಯೇ ಬೇಕು. ಅವತ್ತು ಹೆಂಚಿನ ಮುಂದೆ ಕೂರುವುದು ಸೊಸೆ, ಕೊನೆಗೆ ಉಣ್ಣುವುದೂ ಅವಳೇ. ಇದನ್ನು ಮಗನೇ ಹೆಮ್ಮೆಯಿಂದ ಹೇಳಿದ, ಅವ್ವಗ ಈಗ ಆರಾಮ್ರಿ ಅಂತ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬಾರಪ್ಪಾ ಅಂದೆ. ಹೂಂ ಅಂದ. ಇನ್ನೂ ಕರೆತಂದಿಲ್ಲ.