ಬೆಂಡು ಸುಟ್ಟ ಇದ್ದಿಲಿಗೆ ಕಾರ್ಬನ್ ದುಡ್ಡು ಬರುತ್ತದೆಯೇ?

ಓದುಗರ ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದನ್ನೇ ಕೇಳುತ್ತವೆ: ಕಾರ್ಬನ್ ಕ್ರೆಡಿಟ್ ಎಂದು ಊರಿಗೆ ಬಂದವರನ್ನು ನಂಬಬಹುದೇ? ಗಾಳಿಗೆ ಹೋಗದಂತೆ ಹಿಡಿದಿಟ್ಟ ಇಂಗಾಲದ (ಕಾರ್ಬನ್) ಲೆಕ್ಕವನ್ನು ದುಡ್ಡಿಗೆ ಮಾರುವುದೇ ಕಾರ್ಬನ್ ಕ್ರೆಡಿಟ್. ಅದಕ್ಕೇ ಇಲ್ಲಿ ಹೆಚ್ಚು ಜಾಗ. ಇಂಗಾಲದ ಡೈಆಕ್ಸೈಡ್ ಏಕೆ ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ವಿವರ ಶಾಲೆಯ ಪುಸ್ತಕದಲ್ಲಿದೆ, ಮಕ್ಕಳನ್ನು ಕೇಳಿ.

ಗಾಳಿಯಂತ್ರಗಳು ಬಂದ ಮೇಲೆ ಚಿತ್ರದುರ್ಗದ ಮಳೆ ಓಡಿಹೋಗಿದೆಯಂತೆ, ನಿಜವೇ?

ಸುಳ್ಳು. ರೆಕ್ಕೆಯ ತುದಿ ನೆಲದಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ ತಿರುಗುತ್ತದೆ. ಮಳೆ ಸುರಿಸುವ ಮೋಡ ಅದಕ್ಕಿಂತ ಎಷ್ಟೋ ಮೇಲೆ, ಕಿಲೋಮೀಟರ್‌ಗಟ್ಟಲೆ ಎತ್ತರಕ್ಕೆ ಬೆಳೆದಿರುತ್ತದೆ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಜಗಳೂರು ತಾಲ್ಲೂಕಿನ ರೈತರು: ಮೆಕ್ಕೆಜೋಳದ ಬೆಂಡು (ಕಾಳು ಬಿಡಿಸಿದ ದಿಂಡು) ಸುಟ್ಟು ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು ಮಾಡಿದರೆ ಎಕರೆಗೆ ವರ್ಷಕ್ಕೆ 20 ಸಾವಿರ ರೂಪಾಯಿ ಕಾರ್ಬನ್ ದುಡ್ಡು ಬರುತ್ತದೆ ಎಂದು ಇಬ್ಬರು ಹೇಳಿ ಹೋಗಿದ್ದಾರೆ. ನೋಂದಣಿಗೆ ಎರಡು ಸಾವಿರ, ಪಹಣಿ, ಛಾಪಾ ಕಾಗದದ ಮೇಲೆ ಸಹಿ ಕೇಳುತ್ತಿದ್ದಾರೆ. ಕೊಡಬಹುದೇ? ಇದ್ದಿಲು ಮಾಡುವ ಕ್ರಮವನ್ನೂ ತಿಳಿಸಿ.

ಕೊಡಬೇಡಿ. ಎರಡು ಸಾವಿರವನ್ನೂ ಕೊಡಬೇಡಿ, ಸಹಿಯನ್ನೂ ಹಾಕಬೇಡಿ. ಬಯೋಚಾರ್ ಸುಳ್ಳಲ್ಲ, ಆ ಇಬ್ಬರ ಲೆಕ್ಕ ಸುಳ್ಳು. ನೀವೇ ಮಾಡಿ ನೋಡಿ.

ಚೆನ್ನಾಗಿ ಬಂದ ಎಕರೆಗೆ 20ರಿಂದ 25 ಕ್ವಿಂಟಲ್ ಕಾಳು. ಕಾಳಿನ ತೂಕದ ಐದರಲ್ಲಿ ಒಂದು ಪಾಲು ಬೆಂಡು ಎಂದರೆ ಎಕರೆಗೆ ನಾಲ್ಕೈದು ಕ್ವಿಂಟಲ್. ಒಣಗಿದ ಒಂದು ಟನ್ ಬೆಂಡನ್ನು ಸರಿಯಾಗಿ ಸುಟ್ಟರೆ ಸಿಗುವ ಇದ್ದಿಲು 200ರಿಂದ 220 ಕೆಜಿ. ಅದರಲ್ಲಿ ಇಂಗಾಲ ನೂರಕ್ಕೆ ಸುಮಾರು 70 ಭಾಗ, ಅಂದರೆ 150 ಕೆಜಿ. ಒಂದು ಕೆಜಿ ಇಂಗಾಲ ಗಾಳಿಯಲ್ಲಿ 3.67 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ, ಹಾಗಾಗಿ 550 ಕೆಜಿ. ಇಲ್ಲಿಗೆ ನಿಲ್ಲಿಸಿ ‘ಅರ್ಧ ಟನ್ ಆಯ್ತಲ್ಲ’ ಎನ್ನುವವರೇ ಮೋಸಗಾರರು. ಇದ್ದಿಲಿನ ಒಂದು ಪಾಲು ನೂರು ವರ್ಷದೊಳಗೆ ಮಣ್ಣಿನಲ್ಲಿ ಕೊಳೆಯುತ್ತದೆ, ಅದನ್ನು ಕಳೆಯಬೇಕು. ಸುಡುವಾಗ ಹೊರಟ ಮೀಥೇನ್ ಕಳೆಯಬೇಕು, ಟ್ರ್ಯಾಕ್ಟರಿನ ಡೀಸೆಲ್ ಕಳೆಯಬೇಕು. ಕೊನೆಗೆ ಉಳಿಯುವುದು 350ರಿಂದ 400 ಕೆಜಿ. ಒಂದು ಕ್ರೆಡಿಟ್ ಎಂದರೆ ಪೂರ್ತಿ ಒಂದು ಟನ್. ಅದಕ್ಕೆ ಎರಡೂವರೆಯಿಂದ ಮೂರು ಟನ್ ಬೆಂಡು, ಅಂದರೆ ಐದಾರು ಎಕರೆಯ ಬೆಂಡು ಬೇಕು. ಹೊರದೇಶದ ಮಾರುಕಟ್ಟೆಯಲ್ಲಿ ಬಯೋಚಾರ್ ಕ್ರೆಡಿಟ್‌ಗೆ ಸಾಮಾನ್ಯವಾಗಿ 100ರಿಂದ 200 ಡಾಲರ್ ಇರುತ್ತದೆ. ನಿಮ್ಮ ಎಕರೆಗೆ ಬರುವುದು ಅದರ ಐದನೇ ಒಂದು ಪಾಲು. ಅದರಲ್ಲೂ ಕಂಪನಿ, ಪರಿಶೀಲಕರು, ನೋಂದಣಿ ಸಂಸ್ಥೆ ಎಲ್ಲರ ಪಾಲು ಹೋಗಿ ನಿಮ್ಮ ಕೈಗೆ ಬಂದರೆ ಸಾವಿರದ ಆಸುಪಾಸು. 20 ಸಾವಿರ ಎಲ್ಲಿಂದ ಬರಬೇಕು?

ಸೊಪ್ಪೆಯನ್ನೂ ಸುಟ್ಟು ಲೆಕ್ಕ ಹೆಚ್ಚಿಸೋಣ ಎಂದಾರು. ಬೇಡ. ಸೊಪ್ಪೆ ದನಕ್ಕೆ ಬೇಕು. ಬೆಂಡನ್ನು ಮನೆಯ ಒಲೆಗೆ ಉರಿಸುತ್ತಿದ್ದರೆ ಅದನ್ನೂ ಮುಟ್ಟಬೇಡಿ. ಬೆಂಡು ಇದ್ದಿಲು ಸುಡುವ ಗುಂಡಿಗೆ ಹೋಗಿ ಒಲೆಗೆ ಮರ ಕಡಿದು ತಂದರೆ ಗಾಳಿಗೆ ಲಾಭವೇನೂ ಇಲ್ಲ. ಕಣದ ಪಕ್ಕ ರಾಶಿ ಬಿದ್ದು ಕೊನೆಗೆ ಬೆಂಕಿ ಕಾಣುವ ಬೆಂಡು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಹೊಲದ ಬದುವಿನಲ್ಲಿ ಹಬ್ಬಿದ ಬಳ್ಳಾರಿ ಜಾಲಿ, ಇವಿಷ್ಟೇ ಇದಕ್ಕೆ ಯೋಗ್ಯ.

ಹಾಗಾದರೆ ಏಕೆ ಮಾಡಬೇಕು? ಮಣ್ಣಿಗಾಗಿ. ಕಾರ್ಬನ್ ದುಡ್ಡು ಬಂದರೆ ಬರಲಿ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಮರಳು ಮಿಶ್ರಿತ ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ, ಗೊಬ್ಬರವನ್ನೂ ಹಿಡಿಯುವುದಿಲ್ಲ. ಅಂಥ ಕಡೆ ಇದ್ದಿಲು ಕೆಲಸ ಮಾಡುತ್ತದೆ. ಕಪ್ಪು ಎರೆ ಮಣ್ಣಿನವರು ಮಾತ್ರ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಇದ್ದಿಲೇ ಕ್ಷಾರ, ಹುಳಿ-ಕ್ಷಾರ ಅಳೆಯುವ ಪಿಎಚ್ 8ರಿಂದ 10. ಮಣ್ಣಿನ ಪಿಎಚ್ ಆಗಲೇ 8.5 ಇರುವಾಗ ಇದನ್ನು ಸುರಿದರೆ ಸತು ಮತ್ತು ಕಬ್ಬಿಣದ ಕೊರತೆ ಬಂದು ಬೆಳೆ ಹಳದಿಯಾಗುತ್ತದೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲೋ ವಿಚಾರಿಸಿ, ಪಿಎಚ್ ಜತೆಗೆ ಲವಣಾಂಶವನ್ನೂ ನೋಡಿಸಿ.

ಈಗ ಗುಂಡಿ. ಬಾಯಿ ಐದಡಿ, ತಳ ಎರಡಡಿ, ಆಳ ಎರಡೂವರೆ ಅಡಿ, ಗೋಡೆ ಇಳಿಜಾರಾಗಿ ನುಣುಪಾಗಿರಲಿ. ನೇರ ಗೋಡೆಯ ಗುಂಡಿಯಲ್ಲಿ ಗಾಳಿ ಸರಿಯಾಗಿ ಸುತ್ತುವುದಿಲ್ಲ, ಅಂಚಿನಲ್ಲಿ ಬೇಯದ ಬೆಂಡು ಉಳಿಯುತ್ತದೆ. ಈ ಅಳತೆಯ ಗುಂಡಿ ಸುಮಾರು ಒಂದು ಎಕರೆಯ ಬೆಂಡನ್ನು ನುಂಗಿ 80ರಿಂದ 100 ಕೆಜಿ ಒಣ ಇದ್ದಿಲು ಕೊಡುತ್ತದೆ. ಬಣವೆಯಿಂದ, ವಿದ್ಯುತ್ ತಂತಿಯಿಂದ, ಮರದ ನೆರಳಿನಿಂದ ದೂರ ತೋಡಿ. ಶೆಡ್ಡಿನೊಳಗಂತೂ ಬೇಡವೇ ಬೇಡ: ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ಹೋಗುತ್ತದೆ. ನೈಲಾನ್ ಬಟ್ಟೆ ಉಟ್ಟು ಹತ್ತಿರ ನಿಲ್ಲಬೇಡಿ.

ಕಾಲ ಜನವರಿಯಿಂದ ಮಾರ್ಚ್, ಹೊತ್ತು ಬೆಳಗ್ಗೆ ಗಾಳಿ ಏಳುವ ಮುಂಚೆ. ಆಷಾಢದ ಗಾಳಿಯಲ್ಲಿ ಈ ಕೆಲಸ ಆಗದು, ಏಕೆಂದರೆ ಇಲ್ಲಿ ಕೆಲಸ ಮಾಡುವುದೇ ಮೇಲಿನ ಜ್ವಾಲೆ. ಮೇಲೆ ಹರಡಿಕೊಂಡ ಜ್ವಾಲೆ ಆಮ್ಲಜನಕವನ್ನೆಲ್ಲ ತಿಂದು, ಕೆಳಗಿನ ಪದರಕ್ಕೆ ಶಾಖವನ್ನು ಮಾತ್ರ ಬಿಡುತ್ತದೆ. ಗಾಳಿ ಆ ಜ್ವಾಲೆಯನ್ನು ಪಕ್ಕಕ್ಕೆ ತಳ್ಳಿದರೆ ಕೆಳಗಿದ್ದದ್ದು ಬೂದಿಯಾಗುತ್ತದೆ, ಬೇಯುತ್ತಿರುವ ಬೆಂಡಿನಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ.

ಬೆಂಡು ಮುರಿದರೆ ಟಕ್ಕೆಂದು ಸದ್ದಾಗಬೇಕು, ತೇವ ನೂರಕ್ಕೆ 15 ಮೀರಬಾರದು. ತಳದಲ್ಲಿ ಒಣ ರವದಿ, ಸಣ್ಣ ಕಡ್ಡಿ ಪೇರಿಸಿ ಮೇಲಿನಿಂದ ಬೆಂಕಿ ಹಚ್ಚಿ. ಕೆಳಗಿನಿಂದ ಹಚ್ಚಿದರೆ ಆರಂಭದಲ್ಲೇ ಹೊಗೆ ತುಂಬುತ್ತದೆ. ಚೆನ್ನಾಗಿ ಉರಿ ಹತ್ತಿದ ಮೇಲೆ ಒಂದು ತೆಳು ಪದರ ಬೆಂಡು ಹರಡಿ. ಆ ಪದರದ ಮೈಮೇಲೆ ಬಿಳಿ ಬೂದಿಯ ಎಳೆ ಕಾಣಲು ಶುರುವಾದ ಗಳಿಗೆಯೇ ಮುಂದಿನ ಪದರಕ್ಕೆ ಸಮಯ. ಬೇಗ ಹಾಕಿದರೆ ಜ್ವಾಲೆ ಉಸಿರುಗಟ್ಟಿ ಹೊಗೆ, ತಡವಾಗಿ ಹಾಕಿದರೆ ಇದ್ದಿಲು ಬೂದಿ. ಇಡೀ ವಿದ್ಯೆ ಇಷ್ಟೇ, ಆದರೆ ಮೂರ್ನಾಲ್ಕು ಗಂಟೆ ಗುಂಡಿ ಬಿಟ್ಟು ಕದಲುವಂತಿಲ್ಲ. ಒಂದೇ ಸಲ ರಾಶಿ ಸುರಿದು ಚಹಾ ಕುಡಿಯಲು ಹೋಗುವವರು ಈ ಕೆಲಸಕ್ಕೆ ಇಳಿಯದಿರುವುದೇ ಮೇಲು. ಬಿಳಿ, ಹಳದಿ ಹೊಗೆಯಲ್ಲಿ ಮೀಥೇನ್ ಇದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಹೊಗೆಯಾಡುವ ಗುಂಡಿ ಹೂಳಿದ ಇಂಗಾಲದ ಲಾಭವನ್ನೇ ಅಳಿಸಿಹಾಕುತ್ತದೆ. ಹಿಂದಿನವರ ಹಾಗೆ ಮಣ್ಣು ಮುಚ್ಚಿ ಮೂರು ದಿನ ಬೇಯಿಸುವ ಇದ್ದಿಲು ಗೂಡು ಇದೇ ಕಾರಣಕ್ಕೆ ಇಲ್ಲಿ ಸಲ್ಲದು.

ಗುಂಡಿ ತುಂಬಿದ ಕೂಡಲೇ ಆರಿಸಬೇಕು. ಬೆಂಕಿ ಹಚ್ಚುವ ಮೊದಲೇ ಎರಡು ಪೀಪಾಯಿ, ಅಂದರೆ 400 ಲೀಟರ್ ನೀರು ಪಕ್ಕದಲ್ಲಿರಲಿ. ಮೇಲೆ ಚಿಮುಕಿಸಿ ಬಿಟ್ಟರೆ ಮೇಲ್ಮೈ ಕಪ್ಪಾಗಿ ಒಳಗೆ ಕೆಂಡ ಹಾಗೇ ಇರುತ್ತದೆ, ಬೆಳಗ್ಗೆ ಬಂದು ನೋಡಿದರೆ ಬರೀ ಬೂದಿ. ಸಲಿಕೆಯಲ್ಲಿ ತಿರುವುತ್ತಾ, ಉಗಿ ಮುಖಕ್ಕೆ ಹೊಡೆಯದಂತೆ ನಿಂತು ತಳದವರೆಗೂ ನೆನೆಸಿ. ನೀರಿಲ್ಲದ ಊರಲ್ಲಿ ಅರ್ಧ ಅಡಿ ಹಸಿ ಮಣ್ಣು ಮುಚ್ಚಿ, ಎಲ್ಲೂ ಉಗಿ ಬರದಂತೆ ಬಿರುಕು ಮೆತ್ತಿ, ಪೂರ್ತಿ ತಣ್ಣಗಾಗುವವರೆಗೆ ಒಂದೆರಡು ದಿನ ಬಿಡಿ. ಒಣ ಇದ್ದಿಲನ್ನು ತುಂಬಿ ಮನೆಯೊಳಗೆ ಇಟ್ಟ ಚೀಲ ತಾನಾಗಿಯೇ ಹತ್ತಿಕೊಳ್ಳಬಹುದು, ಅದಕ್ಕೂ ನೆನೆಸಬೇಕು. ಪುಡಿ ಮಾಡುವಾಗಲೂ ತೇವ ಇರಲಿ, ದೂಳು ಶ್ವಾಸಕೋಶಕ್ಕೆ ಹೋಗಬಾರದು.

ಇದ್ದಿಲು ಬೆಂದಿದೆಯೇ ಎಂದು ತಿಳಿಯಲು ಒಂದು ಚೂರನ್ನು ಅಂಗೈಗೆ ಉಜ್ಜಿ. ಸೋಪಿಲ್ಲದೆ ಬರೀ ನೀರಿಗೆ ತೊಳೆದು ಹೋದರೆ ಸರಿ. ಜಿಡ್ಡು ಉಳಿದರೆ, ಟಾರಿನ ವಾಸನೆ ಬಂದರೆ, ಮುರಿದಾಗ ಒಳಗೆ ಕಂದು ಬಣ್ಣ ಕಂಡರೆ ಅದು ಮಣ್ಣಿಗೆ ಬೇಡ, ಮುಂದಿನ ಗುಂಡಿಗೆ ಹಾಕಿ ಮತ್ತೆ ಸುಡಿ.

ಗೊಬ್ಬರ ಬೆರೆಸದ ಬರೀ ಇದ್ದಿಲನ್ನು ನೇರವಾಗಿ ಹೊಲಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಅದು ಮಣ್ಣಿನ ಸಾರಜನಕವನ್ನೇ ಎಳೆದು ಹಿಡಿದುಕೊಂಡು ಮೊದಲ ಬೆಳೆಯನ್ನು ಸೊರಗಿಸುತ್ತದೆ, ಆಮೇಲೆ ‘ಬಯೋಚಾರ್ ವಿಷ’ ಎಂದು ಊರೆಲ್ಲ ಸುದ್ದಿ. ಒಂದು ಬುಟ್ಟಿ ಇದ್ದಿಲಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಂಜಲವೋ ಸಗಣಿ ಬಗ್ಗಡವೋ ಹೊಯ್ದು ನೆರಳಲ್ಲಿ ಮೂರು ವಾರ ತೇವವಾಗಿಡಿ. ಆಮೇಲೆ ಬಿತ್ತನೆ ಸಾಲಿನಲ್ಲೇ ಹಾಕಿ, ಹೊಲವೆಲ್ಲ ಚೆಲ್ಲಬೇಡಿ. ಎಕರೆಗೆ ಎರಡರಿಂದ ಮೂರು ಕ್ವಿಂಟಲ್ ಇದ್ದಿಲಿನ ಲೆಕ್ಕದಲ್ಲಿ ಒಂದು ಗುಂಡಿಯ ಉತ್ಪತ್ತಿ ಹದಿನೈದು ಗುಂಟೆಗೆ ಸಾಕು. ಪಕ್ಕದಲ್ಲಿ ಅಷ್ಟೇ ಜಾಗಕ್ಕೆ ಬರೀ ಗೊಬ್ಬರ ಹಾಕಿ ಎರಡೂ ಕಡೆ ಬೇರೆ ಬೇರೆ ತೂಗಿ. ವ್ಯತ್ಯಾಸ ಕಾಣದಿದ್ದರೆ ಮುಂದಿನ ವರ್ಷ ಮಾಡಬೇಡಿ. ‘ಇದನ್ನು ಹಾಕಿದರೆ ಗೊಬ್ಬರವೇ ಬೇಡ’ ಎಂದು ಪ್ಯಾಕೆಟ್ಟಿನಲ್ಲಿ ಕಪ್ಪು ಪುಡಿ ಮಾರುವವರು ನಿಮ್ಮನ್ನು ಸುಲಿಯುತ್ತಿದ್ದಾರೆ. ಬಯೋಚಾರ್ ಗೊಬ್ಬರವಲ್ಲ.

ಒಪ್ಪಂದದ ವಿಷಯ. ನಿಜವಾದ ಕಂಪನಿ ರೈತನಿಂದ ಶುಲ್ಕ ಕೇಳುವುದಿಲ್ಲ. ಅದರ ಆದಾಯ ಕ್ರೆಡಿಟ್ ಮಾರಿದ ಮೇಲೆ ಬರುತ್ತದೆ. ಯಾವ ನೋಂದಣಿ ಸಂಸ್ಥೆ ಎಂದು ಕೇಳಿ: ವೆರ್ರಾ, ಪ್ಯೂರೋ, ಐಸೋಮೆಟ್ರಿಕ್ ಮುಂತಾದವುಗಳ ಯೋಜನೆಗಳ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ. ಯೋಜನೆಯ ಸಂಖ್ಯೆ ಪಡೆದು, ಓದುವ ಮಕ್ಕಳಿಂದ ಹುಡುಕಿಸಿ. ತೇವ ಅಳೆಯುವ ಮೀಟರ್ ತರುತ್ತಾರೆಯೇ, ಪ್ರತಿ ಗುಂಡಿಯ ಫೋಟೋ ಮತ್ತು ಅಳತೆ ದಾಖಲಿಸುತ್ತಾರೆಯೇ, ಇದ್ದಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆಯೇ? ಅಳತೆಯೇ ಇಲ್ಲದೆ ಎಕರೆ ಲೆಕ್ಕದಲ್ಲಿ ದುಡ್ಡು ಹೇಳುವವರನ್ನು ಅಲ್ಲಿಂದಲೇ ಕಳಿಸಿ. ಪಾಲು ಎಷ್ಟು, ಯಾವಾಗ ಕೊಡುತ್ತಾರೆ, ಎಷ್ಟು ವರ್ಷದ ಕರಾರು, ಇವು ಕನ್ನಡದಲ್ಲಿ ಬರೆದಿರಬೇಕು. ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು, ಅದಕ್ಕೆ ಅಷ್ಟು ಹೆದರಬೇಕಿಲ್ಲ. ಖಾಲಿ ಛಾಪಾ ಕಾಗದದ ಸಹಿಗೆ, ಮೊಬೈಲಿಗೆ ಬರುವ ಒಟಿಪಿಗೆ ಹೆದರಿ. ‘ಇದು ಸರ್ಕಾರದ ಯೋಜನೆ’ ಎಂಬ ಮಾತನ್ನೂ ನಂಬಬೇಡಿ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಅಧಿಸೂಚನೆ ಹೊರಡಿಸಿದ್ದು ನಿಜ, ಅದು ರೈತರಿಗೆ ಹಂಚುವ ಸಬ್ಸಿಡಿಯಲ್ಲ.

ನಿಮ್ಮ ಕಡೆಯಿಂದಲೂ ನಿಯತ್ತು ಬೇಕು. ಕ್ರೆಡಿಟ್ ಪಡೆದ ಇದ್ದಿಲನ್ನು ಹೋಟೆಲಿಗೋ ಇಸ್ತ್ರಿ ಅಂಗಡಿಗೋ ಮಾರಿದರೆ ಅದು ಉರಿದು ಮತ್ತೆ ಗಾಳಿಗೇ ಹೋಯಿತು. ಒಂದೇ ಇದ್ದಿಲನ್ನು ಇಬ್ಬರಿಗೆ ತೋರಿಸುವುದೂ ಕಳ್ಳತನವೇ.

ಕ್ರಷರ್‌ನ ಕಲ್ಲು ಪುಡಿ ಹೊಲಕ್ಕೆ ಹಾಕಿದರೆ ಅದೂ ಕಾರ್ಬನ್ ಹೀರುತ್ತದಂತೆ?

ಆ ವಿಧಾನಕ್ಕೆ ಬೇಗ ಸವೆಯುವ ಬಸಾಲ್ಟ್‌ನಂಥ ಕಲ್ಲು ಬೇಕು, ಹುಳಿ ಮಣ್ಣು ಬೇಕು, ಸಾಕಷ್ಟು ಮಳೆ ಬೇಕು. ನಮ್ಮ ಕ್ರಷರ್‌ಗಳಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯ ಕಲ್ಲು, ಬಯಲು ಸೀಮೆಯ ಮಣ್ಣು ಬಹಳ ಕಡೆ ಕ್ಷಾರ, ಮಳೆ ಕಡಿಮೆ. ಕಲ್ಲಿನ ದೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಅಪಾಯ ಮಾತ್ರ ಖಂಡಿತ. ಬೇಡ.

ಚಳ್ಳಕೆರೆ ಕಡೆಯ ಯುವಕ ಸಂಘ: ಅಮೃತಮಹಲ್ ಕಾವಲಿನ ಖಾಲಿ ಜಾಗದಲ್ಲಿ ಹತ್ತು ಸಾವಿರ ಗಿಡ ನೆಡಬೇಕೆಂದಿದ್ದೇವೆ.

ಕಾವಲು ಖಾಲಿ ಜಾಗವಲ್ಲ. ಹುಲ್ಲುಗಾವಲು ತನ್ನ ಇಂಗಾಲವನ್ನು ಬೇರಿನಲ್ಲಿ, ಮಣ್ಣಿನೊಳಗೆ ಇಟ್ಟುಕೊಂಡಿದೆ. ಗುಂಡಿ ತೋಡಿದರೆ ಇರುವುದೂ ಹೋಗುತ್ತದೆ, ಆ ಮಳೆಗೆ ಗಿಡವೂ ಬದುಕುವುದಿಲ್ಲ, ಕೃಷ್ಣಮೃಗಕ್ಕೂ ದನಕರುಗಳಿಗೂ ಜಾಗ ಹೋಗುತ್ತದೆ. ಊರ ಕೆರೆ ಏರಿಯ ಕೆಳಗೆ, ಶಾಲೆಯ ಅಂಗಳದಲ್ಲಿ ಐವತ್ತು ಬೇವು, ಹೊಂಗೆ ನೆಟ್ಟು ಮೂರು ಬೇಸಿಗೆ ನೀರು ಹಾಕಿ.

ಹಿರಿಯೂರಿನ ಶಿಕ್ಷಕಿ: ವಾಣಿವಿಲಾಸ ಸಾಗರ ಕೋಡಿ ಬಿದ್ದ ಮೇಲೆ ಹವಾಮಾನ ಬದಲಾವಣೆ ಎಂದರೆ ಜನ ನಂಬುತ್ತಿಲ್ಲ. ಹೇಗೆ ಹೇಳಲಿ?

ಅಣೆಕಟ್ಟೆಯನ್ನು ಸಾಕ್ಷಿಗೆ ಕರೆಯಬೇಡಿ, ಆ ಕಡೆಗೂ ಈ ಕಡೆಗೂ. 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದಕ್ಕೆ ಭಾರಿ ಮಳೆಯ ಜತೆಗೆ ಭದ್ರಾದಿಂದ ಹರಿಸುವ ನೀರೂ ಸೇರಿದೆ. ಮರುವರ್ಷವೇ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಒಂದು ವರ್ಷದ ನೆರೆಯೋ ಬರವೋ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಬಂದಾಗ ಒಮ್ಮೆಲೇ ಸುರಿಯುವುದು, ನಡುವೆ ಉದ್ದ ಒಣ ಬಿಡುವು, ಎರಡಕ್ಕೂ ಇದೂ ಒಂದು ಕಾರಣ. ಇಷ್ಟು ಹೇಳಿ. ಹಿಮಕರಡಿಯ ಚಿತ್ರ ತೆಗೆದುಹಾಕಿ. ಓಝೋನ್ ರಂಧ್ರವನ್ನು ಇದರಲ್ಲಿ ಬೆರೆಸಬೇಡಿ, ಅದು ಬೇರೆ ಸಮಸ್ಯೆ. ಮೃಗಶಿರ, ಆರಿದ್ರಾ ಮಳೆಗೆ ಮೊದಲು ಯಾವ ಬಿತ್ತನೆ ಇತ್ತು, ಈಗ ಯಾವುದಿದೆ ಎಂದು ಹಿರಿಯರನ್ನು ಮಕ್ಕಳಿಂದ ಕೇಳಿಸಿ, ಅದನ್ನು ಮಳೆಮಾಪನ ಕೇಂದ್ರದ ದಾಖಲೆಯ ಪಕ್ಕ ಇಟ್ಟು ಓದಿಸಿ. ನೆನಪು ಮತ್ತು ದಾಖಲೆ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಹೇಳಿ.

ಇದ್ದಿಲು, ಗಿಡಗಳ ಬಗ್ಗೆ ಮಾತನಾಡುವಾಗ ಪ್ರಮಾಣವನ್ನು ಮರೆಯದೆ ತಿಳಿಸಿ. ಜಗತ್ತು ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮನುಷ್ಯ ಪ್ರಯತ್ನದಿಂದ ಹೀರಿಸುತ್ತಿರುವುದು ಸುಮಾರು 220 ಕೋಟಿ ಟನ್, ಅದೂ ಹೆಚ್ಚುಕಡಿಮೆ ಪೂರ್ತಿ ಕಾಡಿನಿಂದ. ಸುಡುವುದನ್ನು ಕಡಿಮೆ ಮಾಡದೆ ಹೀರಿಸಿಯೇ ಗೆಲ್ಲುತ್ತೇವೆ ಎಂದು ಮಕ್ಕಳಿಗೆ ಕಲಿಸಬೇಡಿ.

ಚನ್ನಗಿರಿ: ರಸ್ತೆ ಬದಿ ಅಡಿಕೆ ಸಿಪ್ಪೆ ಸುಟ್ಟರೂ ಬಯೋಚಾರ್ ಆಗುತ್ತದಲ್ಲ?

ಆಗುವುದಿಲ್ಲ. ಆಗುವುದು ಬೂದಿ, ದಟ್ಟ ಹೊಗೆ, ಬೈಕ್ ಸವಾರರ ಅಪಘಾತ. ಸಿಪ್ಪೆ ಹಸಿ, ನಾರು ಒತ್ತೊತ್ತು, ರಾಶಿಯೊಳಗೆ ಜ್ವಾಲೆ ಇಳಿಯುವುದೇ ಇಲ್ಲ. ಯಂತ್ರದಲ್ಲಿ ಕತ್ತರಿಸಿ, ಸಗಣಿ ಬಗ್ಗಡ ಹೊಯ್ದು ಆರೇಳು ತಿಂಗಳು ಕೊಳೆಸಿ, ಅದೇ ತೋಟದ ಬುಡಕ್ಕೆ ಹಾಕಿ.