ಬಿಟ್ಟರೂ ನಡೆಯುವ ಸುನ್ನತ್, ಕುರ್‌ಆನ್ ನಂತರದ ಪ್ರಮಾಣ ಹೇಗಾಯಿತು?

ನೀವು ಕೇಳಿದ್ದು ಇಷ್ಟು: ಶುಕ್ರವಾರ ಊಟದ ಬಿಡುವಿನಲ್ಲಿ ಮಸೀದಿಗೆ ಹೋಗಿ ಬಂದ ನಿಮ್ಮ ಸಹೋದ್ಯೋಗಿ, 'ಟೈಮ್ ಇರಲಿಲ್ಲ, ಸುನ್ನತ್ ಬಿಟ್ಟು ಫರ್ಜ್ ಮಾತ್ರ ಮುಗಿಸಿ ಬಂದೆ' ಅಂದರು. ಆದರೆ ಇಸ್ಲಾಮಿನಲ್ಲಿ ಕುರ್‌ಆನ್ ಬಿಟ್ಟರೆ ಸುನ್ನತ್ತೇ ಪ್ರಮಾಣ ಅಂತ ನೀವು ಓದಿದ್ದೀರಿ. ಪ್ರಮಾಣವಾದದ್ದನ್ನು ಬಿಟ್ಟು ಬರುವುದು ಹೇಗೆ?

ಒಂದೇ ಪದ ಎರಡು ಕಡೆ ಕೆಲಸ ಮಾಡುತ್ತಿದೆ, ತೊಡಕು ಅಲ್ಲೇ ಇರುವುದು. (ಮೂರನೆಯದೂ ಒಂದಿದೆ. ನಮ್ಮಲ್ಲಿ ಬಹಳ ಜನಕ್ಕೆ ಸುನ್ನತಿ ಅಂದರೆ ಹುಡುಗರಿಗೆ ಮಾಡಿಸುವುದು ಅಂತಷ್ಟೇ ಗೊತ್ತು. ಆ ಪದವೂ ಇಲ್ಲಿಂದಲೇ ಬಂದದ್ದು.)

ಅರಬಿಯಲ್ಲಿ ಸುನ್ನತ್ ಅಂದರೆ ಜನ ನಡೆದು ನಡೆದು ಬಿದ್ದ ದಾರಿ, ನಡೆದುಬಂದ ರೀತಿ. ಪ್ರವಾದಿ ಮುಹಮ್ಮದರಿಗಿಂತ (ಸ) ಮೊದಲೇ ಅರಬರ ಬಾಯಲ್ಲಿದ್ದ ಮಾತು. ಕುರ್‌ಆನಿನಲ್ಲಿ 'ಅಲ್ಲಾಹನ ಸುನ್ನತ್' ಅಂತ ಬರುತ್ತದೆ, 'ಹಿಂದಿನವರ ಸುನ್ನತ್' ಅಂತಲೂ ಬರುತ್ತದೆ. ಪ್ರವಾದಿಯವರು ಹೇಳಿದ್ದು, ಮಾಡಿದ್ದು, ಎದುರಿಗೆ ನಡೆದರೂ ಬೇಡ ಅನ್ನದೆ ಬಿಟ್ಟದ್ದು, ಈ ಮೂರೂ ಸೇರಿ ಕಾನೂನಿನ ಮೂಲವಾಗುವ ಸುನ್ನತ್. ಬೇಡ ಅನ್ನದ್ದಕ್ಕೆ ಉದಾಹರಣೆ ಉಡವನ್ನು ಹೋಲುವ ಒಂದು ಮರುಭೂಮಿ ಪ್ರಾಣಿ. ಅದನ್ನು ಸುಟ್ಟು ಬಡಿಸಿದಾಗ ಪ್ರವಾದಿಯವರು ಕೈ ಹಿಂದೆಗೆದರು. ನಿಷಿದ್ಧವೇ ಎಂದು ಕೇಳಿದ್ದಕ್ಕೆ, ಇಲ್ಲ, ನಮ್ಮ ಕಡೆ ಇದು ಇಲ್ಲ, ನನಗೆ ಸೇರುವುದಿಲ್ಲ ಅಂದರು. ಸಹಚರ ಖಾಲಿದ್ ಬಿನ್ ವಲೀದ್ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ತಿಂದರು, ಪ್ರವಾದಿಯವರು ನೋಡುತ್ತಾ ಕೂತಿದ್ದರು. ಆ ಸುಮ್ಮನಿದ್ದುದೇ ಸುನ್ನತ್.

ನಿಮ್ಮ ಸಹೋದ್ಯೋಗಿ ಹೇಳಿದ್ದು ಎರಡನೆಯ ಅರ್ಥದ್ದು. ಫಿಖ್ಹ್‌ನಲ್ಲಿ, ಅಂದರೆ ಆಚರಣೆಯ ಕಾನೂನಿನಲ್ಲಿ, ಪ್ರತಿ ಕೆಲಸಕ್ಕೂ ಒಂದು ದರ್ಜೆ ಇರುತ್ತದೆ. ಮಾಡಲೇಬೇಕಾದದ್ದು ಫರ್ಜ್, ಮಾಡಿದರೆ ಪುಣ್ಯ, ಬಿಟ್ಟರೆ ಶಿಕ್ಷೆಯಿಲ್ಲ ಅನ್ನುವಂಥದ್ದು ಸುನ್ನತ್. ಶುಕ್ರವಾರದ ಜುಮಾ ನಮಾಜಿನಲ್ಲಿ ಎರಡು ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತಿಗೆ ಒಂದು ರಕಅತ್) ಫರ್ಜ್. ಅದರ ಹಿಂದೆ ಮುಂದೆ ಒಬ್ಬೊಬ್ಬರೇ ಮಾಡಿಕೊಳ್ಳುವುದು ಸುನ್ನತ್. ಅವರು ಬಿಟ್ಟು ಬಂದದ್ದು ಇದನ್ನು.

ಈಗ ತಮಾಷೆ ನೋಡಿ. ಜುಮಾದ ಬಗ್ಗೆ ಕುರ್‌ಆನ್ (62:9) ಹೇಳುವುದು, ಶುಕ್ರವಾರ ನಮಾಜಿಗೆ ಕರೆ ಬಂದಾಗ ವ್ಯಾಪಾರ ಬಿಟ್ಟು ದೇವಸ್ಮರಣೆಗೆ ಧಾವಿಸಿ ಎಂದು. ಅದು ಎರಡೇ ರಕಅತ್, ಮೊದಲು ಖುತ್ಬಾ (ಪ್ರವಚನ) ಆಗಬೇಕು, ಇಮಾಮರು ಗಟ್ಟಿಯಾಗಿ ಓದಬೇಕು ಅನ್ನುವುದೆಲ್ಲ ಅಲ್ಲಿ ಇಲ್ಲ. ಅದೆಲ್ಲ ಸುನ್ನತ್‌ನಿಂದ ಬಂದದ್ದು. ಅಂದರೆ ನಿಮ್ಮ ಸಹೋದ್ಯೋಗಿ ಸುನ್ನತ್ ಬಿಟ್ಟು ಫರ್ಜ್ ಮಾಡಿ ಬಂದರಲ್ಲ, ಆ ಫರ್ಜ್ ಮಾಡುವ ಬಗೆಯನ್ನು ಅವರಿಗೆ ಕಲಿಸಿದ್ದೂ ಸುನ್ನತ್ತೇ! ದಿನದ ಐದು ನಮಾಜಿನ ಕಥೆಯೂ ಇದೇ. ಝಕಾತ್ (ಕಡ್ಡಾಯ ದಾನ) ಕೊಡಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಉಳಿತಾಯದ ಹಣಕ್ಕೆ ನೂರಕ್ಕೆ ಎರಡೂವರೆ ಅನ್ನುವ ಲೆಕ್ಕ ಅಲ್ಲಿಲ್ಲ. 'ನಾನು ನಮಾಜ್ ಮಾಡುವುದನ್ನು ನೀವು ಹೇಗೆ ಕಂಡಿರೋ ಹಾಗೆ ಮಾಡಿ' ಅನ್ನುವ ಹದೀಸ್, ಅಂದರೆ ಪ್ರವಾದಿಯವರ ಮಾತಿನ ವರದಿ, ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಕುರ್‌ಆನ್ ಕೂಡ 'ದೂತರ ಮಾತು ಕೇಳಿದವನು ಅಲ್ಲಾಹನ ಮಾತು ಕೇಳಿದ' (4:80) ಎನ್ನುತ್ತದೆ. ಕುರ್‌ಆನ್ ಒಂದೇ ಸಾಕು, ಹದೀಸ್ ಬೇಡ ಅನ್ನುವವರು ಇದ್ದಾರೆ. ಬೆಳಿಗ್ಗೆ ಎರಡು, ಸಂಜೆ ಮೂರು ರಕಅತ್ ಅನ್ನುವುದನ್ನು ಎಲ್ಲಿಂದ ತಂದಿರಿ ಅಂತ ಕೇಳಿದರೆ ಅವರಿಂದ ನನಗೆ ಒಪ್ಪಿಗೆಯಾಗುವ ಉತ್ತರ ಈವರೆಗೆ ಸಿಕ್ಕಿಲ್ಲ.

ಆದರೆ ಸುನ್ನತ್ ಮತ್ತು ಹದೀಸ್ ಒಂದೇ ಅಲ್ಲ. ಸುನ್ನತ್ ಅಂದರೆ ನಡೆ, ಹದೀಸ್ ಅಂದರೆ ಆ ನಡೆಯನ್ನು ಕುರಿತ ವರದಿ. ವರದಿ ಗಟ್ಟಿಯೂ ಇರಬಹುದು, ಸಡಿಲವೂ ಇರಬಹುದು, ಹಸಿ ಸುಳ್ಳೂ ಇರಬಹುದು. ಮದೀನಾದ ಇಮಾಮ್ ಮಾಲಿಕ್ (ನಿಧನ 795) ಅವರಿಗೆ ತಮ್ಮ ಊರಿನ ಜನ ತಲೆಮಾರಿನಿಂದ ನಡೆಸಿಕೊಂಡು ಬಂದದ್ದೇ ದೊಡ್ಡ ಸಾಕ್ಷಿ. ಮಾರುವವನು ಕೊಳ್ಳುವವನು ಬೇರೆಯಾಗುವ ತನಕ ವ್ಯಾಪಾರ ಮುರಿಯುವ ಹಕ್ಕು ಇಬ್ಬರಿಗೂ ಉಂಟು ಎಂಬ ಹದೀಸನ್ನು ತಮ್ಮ ಮುವತ್ತಾ ಎಂಬ ಗ್ರಂಥದಲ್ಲಿ ಅವರೇ ದಾಖಲಿಸಿ, ಇದಕ್ಕೆ ನಮ್ಮಲ್ಲಿ ರೂಢಿಯಿಲ್ಲ ಎಂದು ಪಕ್ಕಕ್ಕಿಟ್ಟರು. ಅವರ ಶಿಷ್ಯ ಇಮಾಮ್ ಶಾಫಿಈ (767–820) ಇದನ್ನು ಒಪ್ಪಲಿಲ್ಲ. ಸರಿಯಾದ ಸನದಿನಿಂದ, ಅಂದರೆ ಒಬ್ಬರಿಂದೊಬ್ಬರಿಗೆ ಹೇಳಿದವರ ಕಡಿಯದ ಸರಪಳಿಯಿಂದ, ಪ್ರವಾದಿಯವರ ಮಾತು ಬಂದಿದ್ದರೆ ಊರ ರೂಢಿ ಅದರ ಮುಂದೆ ನಿಲ್ಲುವುದಿಲ್ಲ ಎಂದು ವಾದಿಸಿದರು. ಇವತ್ತು ಸುನ್ನತ್ ಅಂದಕೂಡಲೇ ನಾವು ಹದೀಸಿನ ಪುಸ್ತಕ ತೆರೆಯುವುದಕ್ಕೆ ದೊಡ್ಡ ಕಾರಣ ಶಾಫಿಈಯವರೇ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ದಾವಣಗೆರೆಯಲ್ಲಿ ಕಲಿತೆ. ನಾನು ಕರಾವಳಿಯ ಬ್ಯಾರಿ. ನಾವು ಶಾಫಿಈಗಳು, ಅಂದರೆ ಇಮಾಮ್ ಶಾಫಿಈಯವರ ಪಂಥದವರು. ನಮ್ಮ ಪಳ್ಳಿಯಲ್ಲಿ (ಮಸೀದಿಯಲ್ಲಿ) ಸುಬ್‌ಹಿ (ಬೆಳಗಿನ) ನಮಾಜಿನ ಎರಡನೇ ರಕಅತ್‌ನಲ್ಲಿ ರುಕೂಅ್‌ನಿಂದ (ಬಾಗಿದ ಸ್ಥಿತಿಯಿಂದ) ಎದ್ದ ಮೇಲೆ ಕೈಯೆತ್ತಿ ಕುನೂತ್ ಎಂಬ ಪ್ರಾರ್ಥನೆ ಓದುತ್ತೇವೆ. ಘಟ್ಟದ ಮೇಲಿನ ಮಸೀದಿಗಳು ಬಹುಮಟ್ಟಿಗೆ ಹನಫಿ, ಅಂದರೆ ಇಮಾಮ್ ಅಬೂ ಹನೀಫಾರ ಪಂಥದವು. ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ಎರಡೂ ಕೈ ಮೇಲೆತ್ತಿ ನಿಂತೆ. ಇಡೀ ಸಾಲು ಹಣೆ ನೆಲಕ್ಕಿಟ್ಟು ಸಜ್ದಾಕ್ಕೆ ಹೋಗಿತ್ತು! ನಾನೊಬ್ಬನೇ ತೆಂಗಿನ ಮರದ ಹಾಗೆ. ಸಲಾಂ ಕೊಟ್ಟ ಮೇಲೆ ಪಕ್ಕದ ಅಜ್ಜ ಮೊಣಕಾಲು ಹಿಡಿದುಕೊಂಡು ನನ್ನ ಕಡೆ ತಿರುಗಿ, 'ಮಂಗ್ಳೂರು ಕಡಿಯವನೇನಪ?' ಅಂದರು. ಹೆಸರು ಆಮೇಲೆ ಕೇಳಿದ್ದು.

ರಜೆಗೆ ಊರಿಗೆ ಹೋದಾಗ ಉಸ್ತಾದರ ಹತ್ತಿರ ಯಾರದು ಸರಿ ಅಂತ ಕೇಳಿದೆ. ಅವರು ಹೇಳಿದ್ದು: ಬಿಅರ್ ಮಊನಾ ಎಂಬಲ್ಲಿ ಕುರ್‌ಆನ್ ಬಲ್ಲ 70 ಮಂದಿ ಸಹಚರರನ್ನು ಮೋಸದಿಂದ ಕೊಂದಾಗ ಪ್ರವಾದಿಯವರು ಒಂದು ತಿಂಗಳು ಕುನೂತ್ ಓದಿದರು, ಆಮೇಲೆ ನಿಲ್ಲಿಸಿದರು ಅಂತ ಸಹಚರ ಅನಸ್ ಬಿನ್ ಮಾಲಿಕ್ ಹೇಳಿದ್ದಾರೆ. ಸುಬ್‌ಹಿಯಲ್ಲಿ ಮಾತ್ರ ಕೊನೆತನಕ ಓದುತ್ತಿದ್ದರು ಅಂತ ಇನ್ನೊಂದು ವರದಿ, ಅದೂ ಅನಸರದ್ದೇ. ಹನಫಿಗಳು ಮೊದಲನೆಯದನ್ನು ಹಿಡಿದರು, ಎರಡನೆಯದರ ಸನದು ದುರ್ಬಲ ಅಂದರು. ನಮ್ಮವರು ಅದು ಸಾಕು ಅಂದರು. ಸುನ್ನತ್ ಪಾಲಿಸಬೇಕು ಅನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಸುನ್ನತ್ ಯಾವುದು ಅನ್ನುವುದರಲ್ಲಿ ಜಗಳ. ವಾಟ್ಸಾಪಿನಲ್ಲಿ ಒಂದು ಹದೀಸ್ ಕಳಿಸಿ 'ಒಪ್ಪದಿದ್ದರೆ ನೀನು ಮುಸ್ಲಿಮನೇ ಅಲ್ಲ' ಅನ್ನುವವರು ಅನಸರ ಈ ಎರಡು ವರದಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಹಾಗಾದರೆ ಪ್ರವಾದಿಯವರ ಬಾಯಿಂದ ಬಂದದ್ದೆಲ್ಲ ಆಜ್ಞೆಯೇ? ಇದನ್ನು ನೇರವಾಗಿ ಅವರಿಗೇ ಕೇಳಿದವಳು ಬರೀರಾ, ಗುಲಾಮಗಿರಿಯಿಂದ ಬಿಡುಗಡೆಯಾದ ಹೆಂಗಸು. ಬಿಡುಗಡೆಯಾದಾಗ ಗುಲಾಮನಾಗಿಯೇ ಉಳಿದಿದ್ದ ಗಂಡ ಮುಗೀಸ್‌ನನ್ನು ಬಿಡುವ ಹಕ್ಕು ಅವಳಿಗೆ ಬಂತು, ಬಿಟ್ಟಳು. ಅವನು ಗಡ್ಡ ನೆನೆಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಅವಳ ಹಿಂದೆ ಸುತ್ತುತ್ತಿದ್ದ. ಪ್ರವಾದಿಯವರಿಗೆ ಕನಿಕರ ಬಂದು, ಅವನ ಬಳಿಗೆ ಮರಳಬಾರದೇ ಅಂದರು. ಬರೀರಾ ಕೇಳಿದಳು: 'ಇದು ಆಜ್ಞೆಯೇ?' 'ಇಲ್ಲ, ಶಿಫಾರಸು ಅಷ್ಟೇ.' 'ಹಾಗಾದರೆ ನನಗೆ ಅವನು ಬೇಡ.' ಅಲ್ಲಿಗೆ ಮುಗಿಯಿತು, ಯಾರೂ ಅವಳನ್ನು ಬೈಯಲಿಲ್ಲ. ಮದೀನಾದ ಖರ್ಜೂರದ ಪ್ರಸಂಗವೂ ಹೀಗೇ. ಗಂಡು ಹೂವನ್ನು ಹೆಣ್ಣು ಮರಕ್ಕೆ ಕಟ್ಟುವುದರಿಂದ ಏನಾದರೂ ಉಪಯೋಗ ಇದೆ ಅನಿಸುವುದಿಲ್ಲ ಅಂದರು ಪ್ರವಾದಿ. ಜನ ಬಿಟ್ಟರು, ಫಸಲು ಕೈಕೊಟ್ಟಿತು. ನಿಮ್ಮ ಲೋಕವ್ಯವಹಾರ ನಿಮಗೇ ಚೆನ್ನಾಗಿ ಗೊತ್ತು ಅಂದರು. ಆಜ್ಞೆ ಯಾವುದು, ಸಲಹೆ ಯಾವುದು, ಒಬ್ಬ ಅರಬನಾಗಿ ಅವರಿಗಿದ್ದ ಅಭ್ಯಾಸ ಯಾವುದು ಎಂದು ಬಿಡಿಸುವುದೇ ಫಿಖ್ಹ್‌ನವರ ಅರ್ಧ ಕೆಲಸ.

ಪದದ ಇನ್ನೊಂದು ಬಳಕೆ ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ 3–2ರ ಬಹುಮತದಲ್ಲಿ ರದ್ದು ಮಾಡಿದ ತ್ರಿವಳಿ ತಲಾಕ್‌ನ ಹೆಸರು ತಲಾಕ್-ಎ-ಬಿದ್ದತ್. ಅದರ ಎದುರಿನದು ತಲಾಕ್-ಎ-ಸುನ್ನತ್. ಇಲ್ಲಿ ಸುನ್ನತ್ ಅಂದರೆ ಸರಿಯಾದ ದಾರಿ, ಬಿದ್ದತ್ ಅಂದರೆ ಆಮೇಲೆ ಹೊಸದಾಗಿ ಸೇರಿಕೊಂಡದ್ದು. ದಾರಿ ತಪ್ಪಿದ್ದು ಎಂದು ಹೆಸರಿನಲ್ಲೇ ಒಪ್ಪಿಕೊಂಡು ಶತಮಾನಗಳ ಕಾಲ ಅದನ್ನು ಊರ್ಜಿತ ಎಂದರಲ್ಲ, ನನಗೆ ಅದು ಇವತ್ತಿಗೂ ನುಂಗಲಾಗದ ತುತ್ತು.

ನಿಮ್ಮ ಸಹೋದ್ಯೋಗಿಯ ವಿಷಯಕ್ಕೆ ಬಂದರೆ, ನನ್ನ ಹಾಗೆ ಶಾಫಿಈಯಾಗಿದ್ದರೆ ಸುನ್ನತ್ ಬಿಟ್ಟದ್ದಕ್ಕೆ ಪಾಪವಿಲ್ಲ, ಪುಣ್ಯ ಕಳೆದುಕೊಂಡರು ಅಷ್ಟೇ. ಹನಫಿಯಾಗಿದ್ದರೆ ಜುಮಾದ ಆ ಸುನ್ನತ್‌ಗಳು 'ಮುಅಕ್ಕದಾ', ಒತ್ತಿ ಹೇಳಿದವು. ಅಪರೂಪಕ್ಕೆ ಬಿಟ್ಟರೆ ನಡೆದೀತು, ಬಿಡುವುದನ್ನೇ ರೂಢಿ ಮಾಡಿಕೊಂಡರೆ ಮೌಲಾನಾ ಗದರಿಸುತ್ತಾರೆ. ಫರ್ಜ್‌ನ ನಂತರದ ಸುನ್ನತ್ತನ್ನು ಮಸೀದಿಯಲ್ಲೇ ಮಾಡಬೇಕೆಂದೇನೂ ಇಲ್ಲ. ಪ್ರವಾದಿಯವರು ಜುಮಾ ಮುಗಿಸಿ ಮನೆಗೆ ಹೋಗಿ ಎರಡು ರಕಅತ್ ಮಾಡುತ್ತಿದ್ದರು. ನಿಮ್ಮ ಸಹೋದ್ಯೋಗಿ ಆಫೀಸಿನಲ್ಲಿ ಮೀಟಿಂಗ್ ರೂಮ್ ಖಾಲಿಯಿದೆಯಾ ಅಂತ ಕೇಳಿದರೆ ಐದು ನಿಮಿಷ ಬಿಟ್ಟುಕೊಡಿ.