ಬದಲಾವಣೆಯ ಭರವಸೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ಈಗ ಅಲ್ಲಿಯ ಪೌರತ್ವ ಪಡೆದಿದ್ದೇನೆ. ಮುಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಲಿದ್ದೇನೆ. ಸ್ಪರ್ಧಿಸಲು ಹೊರಟಿರುವ ಒಬ್ಬರ ಭಾಷಣ ಕೇಳಿದಾಗಲೆಲ್ಲ ಔಷಧದ ಬೆಲೆ, ವಲಸೆ ನೀತಿ ಎಲ್ಲವೂ ಬದಲಾಗುತ್ತವೆ ಎಂಬ ಆಸೆ ಹುಟ್ಟುತ್ತದೆ. ಕುವೆಂಪುನಗರದ ತವರಿಗೆ ಬಂದಾಗ ಇದನ್ನು ಹೇಳಿದರೆ ಅಪ್ಪ ನಕ್ಕು, "ಗೆಲ್ಲೋವರೆಗೆ ಎಲ್ಲರೂ ಹಾಗೇ ಹೇಳ್ತಾರೆ ಕಣಮ್ಮ" ಎಂದರು. ನನ್ನ ಆಸೆ ಸರಿಯೋ, ಅಪ್ಪನ ಅನುಮಾನ ಸರಿಯೋ?

ಉತ್ತರ: ನಿಮ್ಮ ತಂದೆಯವರ ಅನುಮಾನ ನ್ಯಾಯವಾದದ್ದೇ, ಆದರೆ ಅದು ಅಭ್ಯರ್ಥಿಯ ಪ್ರಾಮಾಣಿಕತೆಯ ಮೇಲೆ ಮಾತ್ರ ಬೀಳಬಾರದು. ಕೆ.ಆರ್.ಎಸ್. ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟ ಮಾತ್ರಕ್ಕೆ ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಗದ್ದೆಗಳಿಗೆ ಅದು ತಲುಪಿತೆಂದು ಮಂಡ್ಯದ ಯಾವ ರೈತರೂ ಹೇಳುವುದಿಲ್ಲ; ಅಧ್ಯಕ್ಷರ ಭರವಸೆಯೂ ಸಂಸತ್ತು, ನ್ಯಾಯಾಲಯಗಳನ್ನು ದಾಟಿಯೇ ಜನರನ್ನು ತಲುಪಬೇಕು.

ನೀವು ಹೆಸರಿಸಿದ ವಲಸೆಯ ವಿಷಯವನ್ನೇ ನೋಡಿ. 2008ರಲ್ಲಿ ಬದಲಾವಣೆಯನ್ನೇ ಘೋಷಣೆಯಾಗಿಸಿಕೊಂಡು ಗೆದ್ದ ಬರಾಕ್ ಒಬಾಮಾ ಅವರ ಕಾಲದಲ್ಲಿ, ಬಾಲ್ಯದಲ್ಲೇ ದಾಖಲೆಗಳಿಲ್ಲದೆ ಬಂದು ಅಲ್ಲೇ ಬೆಳೆದ ಯುವಜನರಿಗೆ ಪೌರತ್ವದ ದಾರಿ ತೆರೆಯುವ ಮಸೂದೆಯು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಆದರೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಸಾಮಾನ್ಯವಾಗಿ ಮಸೂದೆಯ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕುವುದಕ್ಕೇ 100 ಸದಸ್ಯರಲ್ಲಿ 60 ಮಂದಿಯ ಒಪ್ಪಿಗೆ ಬೇಕು. 2010ರ ಡಿಸೆಂಬರ್‌ನಲ್ಲಿ ಸಿಕ್ಕಿದ್ದು 55. ಬಹುಮತವಿದ್ದೂ ಮಸೂದೆ ಬಿದ್ದುಹೋಯಿತು. ಆಮೇಲೆ 2012ರಲ್ಲಿ ಅವರ ಆಡಳಿತ ತನ್ನ ಅಧಿಕಾರದಿಂದಲೇ ಆ ಯುವಜನರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಟ್ಟಿತು. 2017ರಲ್ಲಿ ಟ್ರಂಪ್ ಆಡಳಿತ ಅದನ್ನು ರದ್ದುಗೊಳಿಸಲು ಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟ್, ರದ್ದುಗೊಳಿಸಿದ ಕ್ರಮ ಸರಿಯಿಲ್ಲವೆಂದು ತಡೆಯಿತು. ಇಷ್ಟಾದರೂ ಆ ಯುವಜನರಿಗೆ ಪೌರತ್ವ ಮಾತ್ರ ಸಿಗಲಿಲ್ಲ. ಒಬ್ಬರು ಆದೇಶದಿಂದ ಕೊಟ್ಟದ್ದನ್ನು ಇನ್ನೊಬ್ಬರು ಆದೇಶದಿಂದಲೇ ಕಿತ್ತುಕೊಳ್ಳಲು ಹೊರಡಬಹುದು.

ಹಾಗೆಂದು ಏನೂ ಆಗುವುದಿಲ್ಲವೆಂದಲ್ಲ. 2022ರಲ್ಲಿ ಬೈಡನ್ ಅವರ ಕಾಲದಲ್ಲಿ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಕೆಲವು ಔಷಧಗಳ ಬೆಲೆಯನ್ನು ಕಂಪನಿಗಳೊಡನೆ ಚೌಕಾಸಿ ಮಾಡುವ ಅಧಿಕಾರ ಸಿಕ್ಕಿತು, ಅದರ ಫಲಾನುಭವಿಗಳಿಗೆ ಇನ್ಸುಲಿನ್ ಬೆಲೆಗೆ ತಿಂಗಳಿಗೆ 35 ಡಾಲರ್ ಮಿತಿ ಬಂತು. 60 ಮತಗಳ ಅಗತ್ಯವಿಲ್ಲದ ಬಜೆಟ್ ಮಸೂದೆಯ ದಾರಿ ಹಿಡಿದರೂ ಸೆನೆಟ್‌ನಲ್ಲಿ ಮತಗಳು 50–50 ಆಗಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ತಮ್ಮ ಮತ ಹಾಕಿ ಅದನ್ನು ಗೆಲ್ಲಿಸಬೇಕಾಯಿತು. ದೊಡ್ಡ ಮಾತುಗಾರರೆಂದು ಹೆಸರಾಗದ ಅಧ್ಯಕ್ಷರೊಬ್ಬರು ಇದನ್ನು ಸಾಧಿಸಿದರೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಆದ್ದರಿಂದ ನಿಮ್ಮ ಅಭ್ಯರ್ಥಿಯ ಭಾಷಣದಲ್ಲಿ ಮೂರು ವಿಷಯಗಳನ್ನು ಹುಡುಕಿ: ಯಾವುದನ್ನು ತಾವೇ ಆದೇಶದಿಂದ ಮಾಡುತ್ತಾರೆ, ಯಾವುದಕ್ಕೆ ಕಾನೂನು ಬೇಕು, ಕಾನೂನು ಬೇಕಾದರೆ ಸೆನೆಟ್‌ನ ಮತಗಳನ್ನು ಎಲ್ಲಿಂದ ತರುತ್ತಾರೆ. ಇದಕ್ಕೆ ಉತ್ತರ ಕೊಡುವವರ ಮೇಲೆ ಆಸೆ ಇಡುವುದರಲ್ಲಿ ತಪ್ಪಿಲ್ಲ. ಕೇವಲ ಚಪ್ಪಾಳೆಗಾಗಿ ಮಾತನಾಡುವವರಾದರೆ ತಂದೆಯವರ ಪಕ್ಷಕ್ಕೆ ನನ್ನದೂ ಒಂದು ಮತ.

ನಿಮ್ಮ ಮತ ಹಗುರವಾದದ್ದಲ್ಲ ಎಂಬುದನ್ನೂ ತಂದೆಯವರಿಗೆ ಹೇಳಿ. 2016ರಲ್ಲಿ ಸುಮಾರು 60 ಲಕ್ಷ ಜನ ಮತ ಹಾಕಿದ ಪೆನ್ಸಿಲ್ವೇನಿಯಾದಲ್ಲಿ ಗೆಲುವಿನ ಅಂತರ ಸುಮಾರು 44 ಸಾವಿರ ಮಾತ್ರ. ಇನ್ನೊಂದು ಮಾತು: ಆ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಲು ಆ ಪಕ್ಷದ ಹೆಸರಿನಲ್ಲೇ ಮತದಾರರಾಗಿ ನೋಂದಾಯಿಸಿಕೊಂಡಿರಬೇಕು. ಪಕ್ಷವಿಲ್ಲದವರೆಂದು ನೋಂದಾಯಿಸಿದ್ದರೆ, ನಿಮಗೆ ಮೆಚ್ಚಿದವರು ಅಂತಿಮ ಕಣಕ್ಕೆ ಬರುತ್ತಾರೋ ಇಲ್ಲವೋ ಎಂಬುದನ್ನು ಬೇರೆಯವರೇ ತೀರ್ಮಾನಿಸುತ್ತಾರೆ. ಹಿಂದಿರುಗಿದ ಕೂಡಲೇ ನೋಂದಣಿಯನ್ನು ಪರಿಶೀಲಿಸಿಕೊಳ್ಳಿ.